ಗೋರಿಯೊಳಗೆ ಕಂಡ ರಕ್ತ: ವ್ಯಾಂಪೈರ್ ವಿಷಯದಲ್ಲಿ ನಿಜ ಎಷ್ಟು, ಕಥೆ ಎಷ್ಟು?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ಮಗಳು ಒಂಬತ್ತನೇ ಕ್ಲಾಸು. ಈಚೆಗೆ ಅವಳಿಗೆ ವ್ಯಾಂಪೈರ್ ಕಥೆಗಳ ಹುಚ್ಚು ಹಿಡಿದಿದೆ. ಸರ್ಬಿಯಾದಲ್ಲಿ ವ್ಯಾಂಪೈರ್ ಇತ್ತು ಅಂತ ಸರ್ಕಾರಿ ಅಧಿಕಾರಿಗಳೇ ರಿಪೋರ್ಟ್ ಬರೆದಿದ್ದಾರಂತೆ, ನಿಜವಾ? ಪಾರ್ಫೈರಿಯಾ ಅನ್ನೋ ಕಾಯಿಲೆ ಇದ್ದವರನ್ನೇ ವ್ಯಾಂಪೈರ್ ಅಂದರು ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ನಮ್ಮ ಬೀದಿ ಕೊನೆಯ ಆಲದ ಮರದ ತುಂಬ ಬಾವಲಿಗಳಿವೆ. ಅಕ್ಕನ ಮಾತು ಕೇಳಿ ಚಿಕ್ಕ ಮಗ ಸಂಜೆಯಾದರೆ ಆ ಕಡೆ ಹೋಗುವುದೇ ಇಲ್ಲ. ಮಗಳನ್ನು ಗದರಿದರೆ, "ನಂಬಿದರೆ ಯಾರಿಗೇನಮ್ಮ ನಷ್ಟ, ಸುಮ್ನೆ ಮಜಾ ಅಲ್ವಾ" ಅಂತಾಳೆ. ಇದರಲ್ಲಿ ನಿಜ ಎಷ್ಟು, ಸ್ವಲ್ಪ ಬಿಡಿಸಿ ಹೇಳ್ತೀರಾ? (ಒಬ್ಬ ತಾಯಿ, ಹಾಸನ)

ಉತ್ತರ:

ನಮಸ್ಕಾರ ಮೇಡಂ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸತ್ತವರು ಗೋರಿಯಿಂದ ಎದ್ದು ಬಂದು ಬದುಕಿದ್ದವರ ರಕ್ತ ಕುಡಿದರು ಅನ್ನುವುದಕ್ಕೆ ಒಂದೇ ಒಂದು ಪುರಾವೆ ಇಲ್ಲ. ಆದರೆ ನಿಮ್ಮ ಮಗಳು ಹೇಳಿದ ಸರ್ಕಾರಿ ರಿಪೋರ್ಟುಗಳು ಇರುವುದು ನಿಜ. ಅವು ನಕಲಿಯಲ್ಲ. ಅವುಗಳಲ್ಲಿ ಬರೆದಿರುವ ಎಷ್ಟೋ ಸಂಗತಿಗಳನ್ನು ನಾನು ನಂಬುತ್ತೇನೆ ಕೂಡ. ನಾನು ಫೊರೆನ್ಸಿಕ್ ಮೆಡಿಸಿನ್ ವೈದ್ಯ. ಪೋಸ್ಟ್‌ಮಾರ್ಟಂ ಮಾಡುವುದು, ಅದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ನನ್ನ ಕೆಲಸ. ಮುನ್ನೂರು ವರ್ಷ ಹಳೆಯ ಆ ರಿಪೋರ್ಟುಗಳನ್ನು ಓದುವಾಗ, ಆ ಜನ ಗೋರಿಯೊಳಗೆ ಏನು ನೋಡಿದರು ಅನ್ನುವುದು ನನಗೆ ಸಾಲು ಸಾಲಿಗೂ ಗುರುತು ಹತ್ತುತ್ತದೆ. ಅವರ ಕಣ್ಣು ಮೋಸ ಹೋಗಿರಲಿಲ್ಲ. ಕಂಡದ್ದಕ್ಕೆ ಅವರು ಕೊಟ್ಟುಕೊಂಡ ಕಾರಣ ತಪ್ಪಾಗಿತ್ತು, ಅಷ್ಟೇ. ಹಳ್ಳಿಯವರು ಮೂಢರು ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ಈ ವಿಷಯದ ಅರ್ಧ ನಮ್ಮ ಕೈಗೆ ಸಿಗುವುದೇ ಇಲ್ಲ.

ಮೊದಲ ರಿಪೋರ್ಟ್ 1725ರದ್ದು. ಊರು ಕಿಸಿಲ್ಯೆವೊ, ಡ್ಯಾನ್ಯೂಬ್ ನದಿಯ ಹತ್ತಿರದ ಒಂದು ಸರ್ಬಿಯನ್ ಹಳ್ಳಿ. 1718ರ ಒಪ್ಪಂದದಲ್ಲಿ ಆ ಸೀಮೆ ತುರ್ಕರಿಂದ ಆಸ್ಟ್ರಿಯಾದ ಕೈಗೆ ಬಂದಿತ್ತು. ಹಾಗಾಗಿ ಅಲ್ಲಿ ಜರ್ಮನ್ ಮಾತಾಡುವ ಅಧಿಕಾರಿಗಳಿದ್ದರು, ನಡೆದದ್ದನ್ನೆಲ್ಲ ಕಾಗದಕ್ಕೆ ಇಳಿಸುವ ಪದ್ಧತಿಯಿತ್ತು. ಆ ಊರಲ್ಲಿ ಪೇಟರ್ ಬ್ಲಾಗೋಯೆವಿಚ್ ಅನ್ನುವವನು ಸತ್ತ. ಅವನನ್ನು ಹೂತ ಮೇಲೆ ಎಂಟು ದಿನದೊಳಗೆ ಒಂಬತ್ತು ಜನ ಸತ್ತರು. ಸಾಯುವ ಮುಂಚೆ ಅವರು ಹೇಳಿದ್ದು ಒಂದೇ ಮಾತು: ನಿದ್ದೆಯಲ್ಲಿ ಪೇಟರ್ ಬಂದು ಮೈಮೇಲೆ ಬಿದ್ದು ಕತ್ತು ಹಿಸುಕಿದ. ಅವನ ಹೆಂಡತಿಯಂತೂ, ಸತ್ತ ಗಂಡ ಬಂದು ತನ್ನ ಕಾಲಿನ ಜೋಡು ಕೇಳಿದ ಅಂತ ಹೇಳಿ ಊರನ್ನೇ ಬಿಟ್ಟು ಹೋಗಿದ್ದಳು.

ಊರಿನವರು ಆಸ್ಟ್ರಿಯಾದ ಅಧಿಕಾರಿ ಫ್ರೊಂಬಾಲ್ಡ್ ಹತ್ತಿರ ಹೋಗಿ, ಗೋರಿ ತೆಗೆಯುತ್ತೇವೆ, ನೀವೂ ಬಂದು ನೋಡಿ ಅಂದರು. ಮೇಲಿನವರ ಅನುಮತಿ ಬೇಕು, ಬೆಲ್‌ಗ್ರೇಡಿಗೆ ಬರೆಯುತ್ತೇನೆ ಅಂತ ಅವನೆಂದ. ಅಲ್ಲಿಂದ ಉತ್ತರ ಬರುವ ಹೊತ್ತಿಗೆ ಊರೇ ಇರುವುದಿಲ್ಲ, ತುರ್ಕರ ಕಾಲದಲ್ಲೂ ಹೀಗೇ ಆಗಿತ್ತು, ಬಿಡದಿದ್ದರೆ ನಾವೆಲ್ಲ ಊರು ಖಾಲಿ ಮಾಡುತ್ತೇವೆ ಅಂತ ಜನ ಪಟ್ಟು ಹಿಡಿದರು. ಕೊನೆಗೆ ಅವನು ಒಬ್ಬ ಪಾದ್ರಿಯನ್ನು ಕರೆದುಕೊಂಡು ಹೋದ. ಆಗಲೇ ಗೋರಿ ಅಗೆದಿದ್ದರು. ಅವನು ಬರೆದದ್ದು ಹೀಗಿದೆ: ಸ್ವಲ್ಪವೂ ನಾತವಿಲ್ಲ. ಮೂಗು ಕೊಂಚ ಕುಸಿದಿದೆ, ಉಳಿದ ಮೈ ತಾಜಾ ಇದೆ. ಕೂದಲು, ಗಡ್ಡ, ಉಗುರು ಬೆಳೆದಿವೆ. ಹಳೆಯ ಬಿಳಿಚಿದ ಚರ್ಮ ಸುಲಿದು ಕೆಳಗೆ ಹೊಸ ಚರ್ಮ ಬಂದಿದೆ. ಬಾಯಲ್ಲಿ ಹಸಿ ರಕ್ತ ಇದೆ. ಜನ ಚೂಪಾದ ಗೂಟ ತಂದು ಎದೆಗೆ ಹೊಡೆದಾಗ ಕಿವಿಯಿಂದಲೂ ಬಾಯಿಂದಲೂ ರಕ್ತ ಹರಿಯಿತು. ಆಮೇಲೆ ಶವವನ್ನು ಸುಟ್ಟರು. ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದು ಭಯದಿಂದ ದಿಕ್ಕೆಟ್ಟ ಈ ಜನರದ್ದು, ನನ್ನದಲ್ಲ ಅಂತ ಕೊನೆಗೊಂದು ಮಾತನ್ನೂ ಸೇರಿಸಿದ. ಆ ರಿಪೋರ್ಟ್ ಅದೇ ವರ್ಷ ಜುಲೈನಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಈಗ ಒಂದೊಂದಾಗಿ ನೋಡೋಣ.

ಪೇಟರ್ ಸತ್ತು ಹತ್ತು ವಾರವಾಗಿತ್ತು. ಹತ್ತು ವಾರವಾದರೂ ಕೊಳೆತಿಲ್ಲ ಅಂದರೆ ಯಾರಿಗಾದರೂ ಆಶ್ಚರ್ಯವೇ. ಆದರೆ ಶವ ಕೊಳೆಯುವ ವೇಗ ಅದು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ಪಠ್ಯದಲ್ಲಿ ಒಂದು ಹಳೆಯ ಅಂದಾಜು ಇದೆ. ಗಾಳಿಯಲ್ಲಿ ಒಂದು ವಾರದಲ್ಲಿ ಆಗುವಷ್ಟು ಕೊಳೆತ ನೀರಿನಲ್ಲಿ ಎರಡು ವಾರ, ಮಣ್ಣಿನೊಳಗೆ ಎಂಟು ವಾರ ತೆಗೆದುಕೊಳ್ಳುತ್ತದೆ. ಇದು ಗಡಿಯಾರದ ಲೆಕ್ಕವಲ್ಲ, ಮಣ್ಣು, ತೇವ, ಹವೆ, ಆಳ ಎಲ್ಲವೂ ಇದನ್ನು ಹಿಂದೆ ಮುಂದೆ ಮಾಡುತ್ತವೆ. ಆದರೂ ತಂಪು ನೆಲದಲ್ಲಿ ಆಳವಾಗಿ ಹೂತ ಶವ ಹತ್ತು ವಾರಕ್ಕೆ ಬರೀ ಎಲುಬಾಗಿರಬೇಕು ಅನ್ನುವುದೇ ತಪ್ಪು ಎಣಿಕೆ.

ಬಾಯಲ್ಲಿನ ರಕ್ತಕ್ಕೆ ಬರೋಣ. ಇಡೀ ವ್ಯಾಂಪೈರ್ ನಂಬಿಕೆ ನಿಂತಿರುವುದೇ ಇದರ ಮೇಲೆ. ಮನುಷ್ಯ ಸತ್ತ ಮೇಲೂ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅವು ಒಳಗಿನಿಂದ ಕೆಲಸ ಶುರು ಮಾಡುತ್ತವೆ. ಗ್ಯಾಸ್ ತುಂಬುತ್ತದೆ. ಹೊಟ್ಟೆ ಉಬ್ಬುತ್ತದೆ, ಮುಖ ಊದುತ್ತದೆ. ಆ ಒತ್ತಡ ಶ್ವಾಸಕೋಶವನ್ನು ಮೇಲಕ್ಕೆ ಒತ್ತುತ್ತದೆ. ಅಲ್ಲಿರುವ ಕೊಳೆತ ದ್ರವ ರಕ್ತದ ಜೊತೆ ಬೆರೆತು ಮೂಗಿನಿಂದ, ಬಾಯಿಂದ ಹೊರಗೆ ಬರುತ್ತದೆ. ಬಣ್ಣ ಕಡುಕೆಂಪು. ನೋಡಿದರೆ ಯಾರಾದರೂ ರಕ್ತ ಅಂತಲೇ ಅನ್ನಬೇಕು. ಇನ್ನೊಂದು ವಿಷಯ ಜನಕ್ಕೆ ಜಾಸ್ತಿ ಗೊತ್ತಿಲ್ಲ. ಸತ್ತ ಮೇಲೆ ಹೆಪ್ಪುಗಟ್ಟಿದ ರಕ್ತ ಮತ್ತೆ ನೀರಾಗಬಹುದು. ಹಾಗಾಗಿ ವಾರಗಟ್ಟಲೆ ಆದ ಶವದಲ್ಲೂ ಹರಿಯುವ ರಕ್ತ ಕಂಡರೆ ಅದರಲ್ಲಿ ಅಸಹಜ ಏನೂ ಇಲ್ಲ. ಉಬ್ಬಿ ನಿಂತ ಎದೆಗೆ ಗೂಟ ಹೊಡೆದರೆ ಒಳಗಿನ ಒತ್ತಡಕ್ಕೆ ಆ ದ್ರವ ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ. ಫ್ರೊಂಬಾಲ್ಡ್ ನೋಡಿದ್ದು ಅದನ್ನೇ.

ಉಗುರು, ಕೂದಲು ಸತ್ತ ಮೇಲೆ ಬೆಳೆಯುವುದಿಲ್ಲ. ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ, ಮುಚ್ಚಿಕೊಂಡಿದ್ದ ಭಾಗ ಹೊರಗೆ ಕಾಣುತ್ತದೆ, ನೋಡುವವರಿಗೆ ಬೆಳೆದಂತೆ ಕಾಣುತ್ತದೆ. ಹೊಸ ಚರ್ಮದ ವಿಷಯವೂ ಹಾಗೇ. ಕೊಳೆಯುವಾಗ ಮೇಲಿನ ಪೊರೆ ಸಡಿಲವಾಗಿ ಜಾರುತ್ತದೆ. ಕೈಯಲ್ಲಾದರೆ ಉಗುರು ಸಮೇತ ಗ್ಲೌಸ್ ಕಳಚಿದ ಹಾಗೆ ಬರುತ್ತದೆ. ಕೆಳಗೆ ಕೆಂಪಗೆ, ಹಸಿಹಸಿಯಾಗಿ ಇರುವ ಪದರವನ್ನು ನೋಡಿ ಹೊಸ ಚರ್ಮ, ಹೊಸ ಉಗುರು ಅಂದುಕೊಂಡರು. ನಮ್ಮ ಕಡೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಈ ಹಂತ ಬರುತ್ತದೆ. ನೀರಲ್ಲಿ ಬಿದ್ದ ಶವದಲ್ಲಂತೂ ಇದು ನಮಗೆ ಮಾಮೂಲು.

ಎರಡನೆಯ ರಿಪೋರ್ಟ್ ಇನ್ನೂ ದೊಡ್ಡದು. ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದದ್ದು, ಯಾಕೆಂದರೆ ಇದನ್ನು ಬರೆದವರು ವೈದ್ಯರು. ಮೆದ್ವೆಜಾ ಅನ್ನುವ ಹಳ್ಳಿ. ಅಲ್ಲಿ ಅರ್ನಾವುತ್ ಪಾವ್ಲೆ ಅಂತ ಒಬ್ಬನಿದ್ದ. ಗಡಿ ಕಾಯುವ ಪಡೆಯವನು. ತುರ್ಕರ ಸೀಮೆಯಲ್ಲಿದ್ದಾಗ ತನಗೆ ವ್ಯಾಂಪೈರ್ ಕಾಟ ಕೊಟ್ಟಿತ್ತು, ಅದರ ಗೋರಿಯ ಮಣ್ಣು ತಿಂದು, ಅದರ ರಕ್ತ ಮೈಗೆ ಬಳಿದುಕೊಂಡು ಪಾರಾದೆ ಅಂತ ಅವನು ಹೇಳಿಕೊಳ್ಳುತ್ತಿದ್ದ. ಒಂದು ದಿನ ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತ. ಕೆಲವು ವಾರದಲ್ಲಿ ಅವನು ಬಂದು ಕಾಡುತ್ತಾನೆ ಅನ್ನುವ ಮಾತು ಎದ್ದಿತು. ನಾಲ್ಕು ಜನ ಸತ್ತರು. ನಲವತ್ತು ದಿನಕ್ಕೆ ಗೋರಿ ತೆಗೆದು ಗೂಟ ಹೊಡೆದರು. ಆಗ ಅವನು ನರಳಿದ್ದು ಎಲ್ಲರಿಗೂ ಕೇಳಿಸಿತಂತೆ. ವ್ಯಾಂಪೈರ್‌ನಿಂದ ಸತ್ತವರೂ ವ್ಯಾಂಪೈರ್ ಆಗುತ್ತಾರೆ ಅನ್ನುವ ನಂಬಿಕೆ ಇದ್ದದ್ದರಿಂದ ಆ ನಾಲ್ವರ ಗೋರಿಯನ್ನೂ ತೆಗೆದರು.

ಆ ನರಳಾಟದ ಬಗ್ಗೆ ಒಂದು ಮಾತು. ಎದೆಗೆ ಒತ್ತಡ ಬಿದ್ದಾಗ ಒಳಗಿನ ಗ್ಯಾಸ್ ಗಂಟಲಿನ ಮೂಲಕ ಹೊರಗೆ ಬರುತ್ತದೆ, ಧ್ವನಿಪೆಟ್ಟಿಗೆ ಸದ್ದು ಮಾಡುತ್ತದೆ. ಶವಾಗಾರದಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಉಬ್ಬಿದ ಶವವನ್ನು ಟೇಬಲ್ ಮೇಲೆ ಹೊರಳಿಸಿದಾಗ ಕೆಲವೊಮ್ಮೆ "ಹ್ಞೂಂ" ಅಂದ ಹಾಗೆ ಸದ್ದು ಬರುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಟ್ರಾಲಿ ಬಿಟ್ಟು ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ. ಕಾರಣ ಗೊತ್ತಿರುವ ಜಾಗದಲ್ಲೇ ಮೈ ಜುಮ್ಮೆನ್ನುತ್ತದೆ. ಇನ್ನು ಸ್ಮಶಾನದಲ್ಲಿ, ಹತ್ತಿರದವರನ್ನು ಕಳೆದುಕೊಂಡು ನಿಂತ ಜನಕ್ಕೆ ಹೇಗಾಗಿರಬೇಡ.

ಪಾವ್ಲೆ ಸತ್ತು ಐದಾರು ವರ್ಷದ ಮೇಲೆ, 1731ರ ಚಳಿಗಾಲದಲ್ಲಿ, ಅದೇ ಊರಲ್ಲಿ ಮತ್ತೆ ಸಾವು ಶುರುವಾಯಿತು. ಮೂರು ತಿಂಗಳಲ್ಲಿ 17 ಜನ. ಈ ಸಲ ಸೇನೆ ಯೊಹಾನ್ ಫ್ಲೂಕಿಂಗರ್ ಅನ್ನುವ ಸರ್ಜನ್‌ನನ್ನು ಕಳಿಸಿತು. ಅವನು 1732ರ ಜನವರಿಯಲ್ಲಿ ಗೋರಿಗಳನ್ನು ತೆಗೆಸಿ, ಒಂದೊಂದು ಶವವನ್ನೂ ಕೊಯ್ದು ನೋಡಿ, ವಯಸ್ಸು, ಕಾಯಿಲೆ, ಹೂತ ದಿನ ಎಲ್ಲ ಬರೆದ. ಇನ್ನಿಬ್ಬರು ಸೇನಾ ವೈದ್ಯರು ಸಹಿ ಹಾಕಿದರು. ಸ್ಟಾನಾ ಅನ್ನುವ 20 ವರ್ಷದ ಹೆಣ್ಣುಮಗಳು ಹೆರಿಗೆಯಲ್ಲಿ ಸತ್ತಿದ್ದಳು. ಅವಳ ಕೈಕಾಲಿನ ಹಳೆಯ ಚರ್ಮ ಉಗುರು ಸಮೇತ ಉದುರಿತ್ತು, ಕೆಳಗೆ ಹೊಸದು ಕಾಣುತ್ತಿತ್ತು. ಮಿಲಿಜಾ ಅನ್ನುವ 60 ವರ್ಷದ ಹೆಂಗಸಿನ ವಿಷಯದಲ್ಲಿ ಊರಿನವರು ಬೆರಗಾಗಿ ಹೇಳಿದ್ದನ್ನು ಅವನು ಬರೆದುಕೊಂಡಿದ್ದಾನೆ: ಬದುಕಿದ್ದಾಗ ಇವಳು ಕಡ್ಡಿಯ ಹಾಗಿದ್ದಳು, ಗೋರಿಯೊಳಗೆ ಹೋಗಿ ದಪ್ಪಗಾಗಿದ್ದಾಳೆ! ಬೇರೆಯವರ ರಕ್ತ ಕುಡಿದೇ ಮೈ ತುಂಬಿಕೊಂಡಳು ಅಂತ ಅವರಿಗೆ ಖಾತ್ರಿಯಾಯಿತು. ಅದು ಗ್ಯಾಸಿನ ಉಬ್ಬರ, ಬೇರೇನಲ್ಲ.

ಫ್ಲೂಕಿಂಗರ್ ಇನ್ನೊಂದು ಸಂಗತಿಯನ್ನೂ ಪ್ರಾಮಾಣಿಕವಾಗಿ ಬರೆದ. ಅದೇ ಸ್ಮಶಾನದ, ಅದೇ ಮಣ್ಣಿನ ಬೇರೆ ಕೆಲವು ಶವಗಳು ಪೂರ್ತಿ ಕೊಳೆತಿದ್ದವು. ಊರಿನವರಿಗೆ ಇದೇ ದೊಡ್ಡ ಸಾಕ್ಷಿ. ಒಂದೇ ನೆಲದಲ್ಲಿ ಇವರು ಕೊಳೆತಿದ್ದಾರೆ, ಅವರು ಕೊಳೆತಿಲ್ಲ, ಹಾಗಾದರೆ ಅವರಲ್ಲೇನೋ ಇದೆ. ನಮಗೆ ಮಾತ್ರ ಇದು ದಿನನಿತ್ಯದ ವಿಷಯ. ಪಕ್ಕಪಕ್ಕದಲ್ಲೇ ಹೂತ ಎರಡು ಶವಗಳು ಒಂದೇ ವೇಗದಲ್ಲಿ ಕೊಳೆಯುವುದಿಲ್ಲ. ಮೈಯ ಕೊಬ್ಬು, ಹೊದಿಸಿದ ಬಟ್ಟೆ, ಸಾಯುವಾಗ ಇದ್ದ ಜ್ವರ ಅಥವಾ ಸೋಂಕು, ಹೂಳುವ ಮುಂಚೆ ಎಷ್ಟು ಹೊತ್ತು ಮನೆಯಲ್ಲಿಟ್ಟಿದ್ದರು, ಗುಂಡಿ ಎಷ್ಟು ಆಳ, ಹೀಗೆ ನೂರು ಕಾರಣ. ಕೊಳೆತವರನ್ನು ಮತ್ತೆ ಗೋರಿಯಲ್ಲಿಟ್ಟರು. ಉಳಿದವರ ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಚೆಲ್ಲಿದರು. ಆ ರಿಪೋರ್ಟ್ ಯೂರೋಪಿನ ಪತ್ರಿಕೆಗಳಲ್ಲೆಲ್ಲ ಹರಡಿತು, ಅದೇ ವರ್ಷ ಲಂಡನ್ ಪತ್ರಿಕೆಗಳಲ್ಲೂ ಬಂತು. ಜಗತ್ತಿಗೆ ವ್ಯಾಂಪೈರ್ ಪರಿಚಯವಾದದ್ದು ಹೀಗೆ, ಒಬ್ಬ ಸರ್ಜನ್‌ನ ಪೋಸ್ಟ್‌ಮಾರ್ಟಂ ವರದಿಯಿಂದ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಅದೇ ತಪ್ಪು ಓದು ಇವತ್ತೂ ನಡೆಯುತ್ತದೆ. ನಮ್ಮಲ್ಲಿ ಅನುಮಾನ ಬಂದು ಹೂತ ಶವ ತೆಗೆಯಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸಾಮಾನ್ಯವಾಗಿ ತಹಶೀಲ್ದಾರರೋ ಎಸಿಯವರೋ ಬಂದು ನಿಲ್ಲುತ್ತಾರೆ. ಪೊಲೀಸರು, ಪಂಚರು, ಗುರುತು ಹಿಡಿಯಲು ಮನೆಯವರು, ಜೊತೆಗೆ ನಾವು. ಬೆಳಕು ಚೆನ್ನಾಗಿರಲಿ ಅಂತ ಬೆಳಗ್ಗೆಯೇ ಶುರು ಮಾಡುತ್ತೇವೆ. ವಿಷದ ಅನುಮಾನ ಇದ್ದರೆ ಶವದ ಮೇಲಿನ, ಕೆಳಗಿನ, ಅಕ್ಕಪಕ್ಕದ ಮಣ್ಣನ್ನೂ ಬೇರೆ ಬೇರೆ ಕಟ್ಟಿ ಲ್ಯಾಬಿಗೆ ಕಳಿಸುತ್ತೇವೆ. ಮುಖದ ಬಟ್ಟೆ ಸರಿಸುತ್ತಿದ್ದ ಹಾಗೇ ಮನೆಯವರು ಕೂಗುತ್ತಾರೆ: "ಸ್ವಾಮಿ, ನೋಡಿ, ಬಾಯಲ್ಲಿ ಮೂಗಲ್ಲಿ ರಕ್ತ! ಹೊಡೆದೇ ಸಾಯಿಸಿದ್ದಾರೆ!" ಮುಖ ಕಪ್ಪಾಗಿರುವುದನ್ನು ನೋಡಿ ವಿಷ ಹಾಕಿದ್ದಾರೆ ಅನ್ನುವವರೂ ಇದ್ದಾರೆ. ಅದು ಕೊಳೆತದ ದ್ರವ, ಅದು ಕೊಳೆತದ ಬಣ್ಣ ಅಂತ ಆ ಹೊತ್ತಿನಲ್ಲಿ ಅವರಿಗೆ ತಿಳಿಸಿ ಹೇಳುವುದು ಬಹಳ ಕಷ್ಟ. ನಿಜವಾದ ಏಟು ಇದೆಯಾ ಅಂತ ಎಲುಬು, ತಲೆಬುರುಡೆ ಎಲ್ಲ ನೋಡಿಯೇ ಹೇಳಬೇಕು, ನೋಡುತ್ತೇವೆ. ಕೊಲೆ ಆಗಿರುವುದೂ ಉಂಟು. ಆದರೆ ಬಾಯಿಯ ಆ ಕೆಂಪು ಒಂದನ್ನೇ ನಂಬಿ ಯಾರ ಮೇಲೂ ಬೆರಳು ತೋರಿಸಬಾರದು. ಸರ್ಬಿಯಾದವರು ಸತ್ತವನ ಮೇಲೆ ಗೂಬೆ ಕೂರಿಸಿದರು. ನಾವು ಕೆಲವೊಮ್ಮೆ ಬದುಕಿರುವ ಸೊಸೆಯ ಮೇಲೋ ದಾಯಾದಿಯ ಮೇಲೋ ಕೂರಿಸುತ್ತೇವೆ.

ಸರಿ, ಶವದ ವಿಷಯ ಮುಗಿಯಿತು. ಆದರೆ ಒಂದರ ಹಿಂದೆ ಒಂದು ಸಾವು ಆದದ್ದೇಕೆ? ಕಿಸಿಲ್ಯೆವೊದಲ್ಲಿ ಯಾವ ಕಾಯಿಲೆ ಅಂತ ಆ ಕಾಗದಗಳಿಂದ ಗೊತ್ತಾಗುವುದಿಲ್ಲ. ಎದೆ ಮೇಲೆ ಕೂತು ಹಿಸುಕಿದ ಅನುಭವ ಮಾತ್ರ ನಮಗೆಲ್ಲ ಪರಿಚಯದ್ದೇ. ನಿದ್ದೆಯಲ್ಲಿ ಕನಸು ಬೀಳುವ ಹಂತದಲ್ಲಿ ಕೈಕಾಲು ಆಡದಂತೆ ಮಿದುಳು ತಡೆದಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಆ ತಡೆ ಬಿಡುವುದು ತಡವಾಗುತ್ತದೆ. ಕಣ್ಣು ಬಿಟ್ಟಿದೆ, ಕೂಗಲು ಆಗುತ್ತಿಲ್ಲ, ಯಾರೋ ಎದೆ ಮೇಲೆ ಕೂತಿದ್ದಾರೆ ಅನಿಸುತ್ತದೆ. ಜ್ವರ, ನಿದ್ದೆಗೇಡು, ಭಯ ಇದ್ದರೆ ಇದು ಇನ್ನೂ ಜಾಸ್ತಿ. ಊರಲ್ಲಿ ಯಾರ ಹೆಸರು ಓಡಾಡುತ್ತಿದೆಯೋ ಅವರ ಮುಖವೇ ಆ ಕತ್ತಲಲ್ಲಿ ಕಾಣುತ್ತದೆ.

ಕಾಯಿಲೆ ಖಚಿತವಾಗಿ ಗೊತ್ತಿರುವ ಪ್ರಕರಣ ಅಮೆರಿಕದ್ದು. ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಊರು, 1892. ಜಾರ್ಜ್ ಬ್ರೌನ್ ಅನ್ನುವ ರೈತನ ಹೆಂಡತಿ, ಆಮೇಲೆ ದೊಡ್ಡ ಮಗಳು ಕ್ಷಯದಿಂದ ಸತ್ತಿದ್ದರು. ಕೆಲವು ವರ್ಷದ ಮೇಲೆ 19 ವರ್ಷದ ಮರ್ಸಿ ಜನವರಿಯಲ್ಲಿ ಸತ್ತಳು. ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಅವನ ಜೀವ ಹೀರುತ್ತಿದ್ದಾರೆ, ಗೋರಿ ತೆಗೆದು ನೋಡು ಅಂತ ನೆರೆಹೊರೆಯವರು ಜಾರ್ಜ್‌ನ ಬೆನ್ನು ಬಿದ್ದರು. ಅವನಿಗೆ ನಂಬಿಕೆ ಇರಲಿಲ್ಲ. ಆದರೂ ಒಪ್ಪಿದ. ಮಾರ್ಚ್ 17ರಂದು ಮೂರೂ ಶವಗಳನ್ನು ನೋಡಿದರು. ಹೆಂಡತಿ, ದೊಡ್ಡ ಮಗಳು ಬರೀ ಎಲುಬಾಗಿದ್ದರು. ಮರ್ಸಿ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತ ಇತ್ತು. ಅವಳು ಸತ್ತು ಎರಡು ತಿಂಗಳಾಗಿತ್ತು ಅಷ್ಟೇ. ಅದೂ ಆ ಚಳಿಯಲ್ಲಿ, ಮಣ್ಣಿಗೂ ಹಾಕದೆ ಕಲ್ಲಿನ ಕೋಣೆಯಲ್ಲಿಟ್ಟಿದ್ದರು. ಫ್ರಿಜ್‌ನಲ್ಲಿ ಇಟ್ಟಂತೆಯೇ. ಶವ ಪರೀಕ್ಷಿಸಿದ ಡಾಕ್ಟರು, ಇದು ಕ್ಷಯ, ಶ್ವಾಸಕೋಶದಲ್ಲಿ ಗುರುತು ಇದೆ ಅಂತ ಹೇಳಿದರು. ಕೇಳುವವರಿರಲಿಲ್ಲ. ಹೃದಯ, ಯಕೃತ್ತನ್ನು ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳಿಗೆ ಅವನೂ ಸತ್ತ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಅದಕ್ಕೆ ಹತ್ತು ವರ್ಷ ಮುಂಚೆಯೇ, 1882ರಲ್ಲಿ, ಕಂಡುಹಿಡಿದಿದ್ದರು. ಆದರೆ ಔಷಧ ಇರಲಿಲ್ಲ. ಯೋಚಿಸಿ ನೋಡಿ. ಮನೆಯಲ್ಲಿ ಒಬ್ಬರು ಕೆಮ್ಮಿ, ಸೊರಗಿ, ರಕ್ತ ಉಗುಳಿ ಸಾಯುತ್ತಾರೆ. ಆಮೇಲೆ ಅದೇ ಸೂರಿನಡಿ ಇನ್ನೊಬ್ಬರು ಹಾಗೇ ಸೊರಗುತ್ತಾರೆ. ಸತ್ತವರು ಉಳಿದವರ ಜೀವ ಹೀರುತ್ತಿದ್ದಾರೆ ಅನ್ನುವ ವಿವರಣೆ ಕಣ್ಣಿಗೆ ಕಾಣುವುದಕ್ಕೆ ಪೂರ್ತಿ ಹೊಂದುತ್ತದೆ. ಸತ್ತವರಿಂದ ಏನೋ ದಾಟಿದ್ದೂ ನಿಜವೇ, ದಾಟಿದ್ದು ಅವರು ಬದುಕಿದ್ದಾಗ, ಕೆಮ್ಮಿನಲ್ಲಿ. ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇವತ್ತೂ ನಮ್ಮ ದೇಶದಲ್ಲೇ ಇದ್ದಾರೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರನ್ನೂ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಈಗ ಪಾರ್ಫೈರಿಯಾ. ದಯವಿಟ್ಟು ಆ ವಿಡಿಯೋ ನಂಬಬೇಡಿ. 1985ರಲ್ಲಿ ಕೆನಡಾದ ರಸಾಯನ ವಿಜ್ಞಾನಿ ಡೇವಿಡ್ ಡಾಲ್ಫಿನ್ ಈ ಊಹೆಯನ್ನು ಮುಂದಿಟ್ಟರು, ಪತ್ರಿಕೆಗಳು ಅದನ್ನು ಹೊತ್ತು ಮೆರೆಸಿದವು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಅನ್ನುವ ವಸ್ತು ತಯಾರಾಗುವಾಗ ಆಗುವ ದೋಷ ಈ ಕಾಯಿಲೆ. ಇದರ ಕೆಲವು ಬಗೆಗಳಲ್ಲಿ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ಅದಕ್ಕೇ ಅವರು ರಾತ್ರಿ ಹೊರಟು ರಕ್ತ ಕುಡಿಯುತ್ತಿದ್ದರು ಅನ್ನುವುದು ವಾದ. ರಕ್ತ ಕುಡಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ, ಕಾಯಿಲೆಗೆ ಏನೂ ಉಪಯೋಗವಿಲ್ಲ. ಚಿಕಿತ್ಸೆಗೆ ಹೀಮ್ ಕೊಡುವುದಾದರೆ ಅದನ್ನು ರಕ್ತನಾಳಕ್ಕೇ ಕೊಡಬೇಕು. ಇನ್ನೂ ದೊಡ್ಡ ತೊಡಕು ಏನೆಂದರೆ, ಹಳ್ಳಿಯವರು ವ್ಯಾಂಪೈರ್ ಅಂದದ್ದು ಬದುಕಿದ್ದ ರೋಗಿಗಳನ್ನಲ್ಲ, ಹೂತ ಶವಗಳನ್ನು. ಬಿಸಿಲಿಗೆ ಸಾಯುತ್ತವೆ ಅನ್ನುವ ಮಾತು ಆ ರಿಪೋರ್ಟುಗಳಲ್ಲಿ ಎಲ್ಲೂ ಇಲ್ಲ. ಈ ಊಹೆಯಿಂದ ಆದದ್ದು ಒಂದೇ, ಮೊದಲೇ ನೋವು ತಿನ್ನುತ್ತಿದ್ದ ರೋಗಿಗಳಿಗೆ ಒಂದು ಕೆಟ್ಟ ಹೆಸರು. 1998ರಲ್ಲಿ ಒಬ್ಬ ಸ್ಪೇನಿನ ನರರೋಗ ತಜ್ಞರು ರೇಬೀಸ್‌ನಿಂದ ಈ ನಂಬಿಕೆ ಹುಟ್ಟಿರಬಹುದು ಅಂದರು. ಅದು ಸ್ವಲ್ಪ ಯೋಚಿಸುವಂಥದ್ದು, ಆದರೂ ಗೋರಿಯೊಳಗಿನ ಶವದ ಚಿತ್ರಕ್ಕೆ ಅದೂ ಉತ್ತರ ಕೊಡುವುದಿಲ್ಲ.

ಬಿಸಿಲು ಎಲ್ಲಿಂದ ಬಂತು ಹಾಗಾದರೆ? ಸಿನಿಮಾದಿಂದ. 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವಿನಲ್ಲಿ ವ್ಯಾಂಪೈರ್ ಬೆಳಗಿನ ಬೆಳಕಿಗೆ ಕರಗಿ ಹೋಗುತ್ತಾನೆ. 1897ರ 'ಡ್ರಾಕುಲಾ' ಕಾದಂಬರಿಯಲ್ಲಂತೂ ವ್ಯಾಂಪೈರ್ ಆದ ಕೌಂಟ್ ಡ್ರಾಕುಲಾ ಹಾಡಹಗಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಅದನ್ನು ಬರೆದ ಬ್ರಾಮ್ ಸ್ಟೋಕರ್ ಕಥೆ ಶುರುವಾಗುವ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವರೇ ಅಲ್ಲ. ಡ್ರಾಕುಲಾ ಅನ್ನುವ ಹೆಸರು ಅವರಿಗೆ ಇಂಗ್ಲೆಂಡಿನ ವಿಟ್ಬಿ ಊರಿನ ಲೈಬ್ರರಿಯ ಒಂದು ಪುಸ್ತಕದಲ್ಲಿ ಸಿಕ್ಕಿತು. ಆ ಹೆಸರಿನ ನಿಜವಾದ ವ್ಯಕ್ತಿ 15ನೇ ಶತಮಾನದ ವಲೇಕಿಯಾದ ದೊರೆ ಮೂರನೇ ವ್ಲಾಡ್. ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದ ಕ್ರೂರಿ ಹೌದು. ಅವನ ಕಾಲದ ಜನ ಅವನನ್ನು ವ್ಯಾಂಪೈರ್ ಅಂದವರಲ್ಲ. ಹಳ್ಳಿಯ ವ್ಯಾಂಪೈರ್ ಕೆಂಪಗೆ ಉಬ್ಬಿದ ರೈತ. ಬಿಳಿಚಿದ ಮುಖದ, ಕೋಟೆಯಲ್ಲಿರುವ ಶ್ರೀಮಂತ ವ್ಯಾಂಪೈರ್ 19ನೇ ಶತಮಾನದ ಬರಹಗಾರರ ಸೃಷ್ಟಿ. ನಿಮ್ಮ ಮಗಳು ನೋಡುತ್ತಿರುವುದು ಅವನ ಮೊಮ್ಮಕ್ಕಳನ್ನು.

ನಮ್ಮ ಬೇತಾಳನನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಬೇತಾಳ ಬೇರೊಬ್ಬರ ಹೆಣದೊಳಗೆ ಸೇರಿಕೊಂಡು ವಿಕ್ರಮನಿಗೆ ಒಗಟು ಹಾಕುತ್ತಾನೆ. ಆ ಕಥೆಗಳಲ್ಲಿ ಅವನು ಊರಿನವರ ರಕ್ತ ಹೀರುವುದಿಲ್ಲ, ಊರಿಗೆ ರೋಗ ತರುವುದಿಲ್ಲ.

ಮಗಳಿಗೆ ಒಂದು ಲೆಕ್ಕ ಕೊಡಿ. ಕಚ್ಚಿಸಿಕೊಂಡವರೆಲ್ಲ ವ್ಯಾಂಪೈರ್ ಆಗುತ್ತಾರೆ ಅನ್ನುವುದು ಮೆದ್ವೆಜಾದವರ ನಂಬಿಕೆಯೂ ಹೌದು, ಸಿನಿಮಾದವರದ್ದೂ ಹೌದು. ಒಂದೇ ಒಂದು ವ್ಯಾಂಪೈರ್ ಇದೆ, ಪ್ರತಿಯೊಂದೂ ತಿಂಗಳಿಗೆ ಒಬ್ಬರನ್ನು ಮಾತ್ರ ಕಚ್ಚುತ್ತದೆ ಅಂತಿಟ್ಟುಕೊಳ್ಳಿ. ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. 30ನೇ ತಿಂಗಳಿಗೆ 107 ಕೋಟಿ. 33ನೇ ತಿಂಗಳಿಗೆ 858 ಕೋಟಿ ದಾಟುತ್ತದೆ, ಅಷ್ಟು ಮನುಷ್ಯರು ಭೂಮಿಯ ಮೇಲೆ ಇಲ್ಲ.

ಬಾವಲಿ ವಿಷಯ ನಿಮ್ಮ ಮಗನಿಗೆ ಇವತ್ತೇ ಹೇಳಿ, ಪಾಪ. ರಕ್ತ ಕುಡಿಯುವ ಬಾವಲಿಗಳು ನಿಜವಾಗಿಯೂ ಇವೆ. ಮೂರೇ ಜಾತಿ. ಮೂರೂ ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ. ಭಾರತದಲ್ಲಿ ಒಂದೂ ಇಲ್ಲ. ಅವೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಹೆಚ್ಚಾಗಿ ಕಂಡುಬರುವ ಜಾತಿ ಮಲಗಿದ ದನದ ಹತ್ತಿರ ನೆಲದ ಮೇಲೆ ನಡೆದುಕೊಂಡೇ ಹೋಗುತ್ತದೆ. ಬೆಚ್ಚಗಿನ ರಕ್ತ ಎಲ್ಲಿ ಹರಿಯುತ್ತಿದೆ ಅಂತ ಮೂಗಿನ ಹತ್ತಿರವಿರುವ ಭಾಗದಿಂದ ಗುರುತಿಸಿ, ಚಿಕ್ಕದೊಂದು ಗಾಯ ಮಾಡಿ ನೆಕ್ಕುತ್ತದೆ. ಹೀರುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಅದು ಸಾಯುತ್ತದೆ. ಹಾಗಾಗಿ ಹೊಟ್ಟೆ ತುಂಬಿದ ಬಾವಲಿ ಹಸಿದ ಗೆಳತಿಗೆ ತಾನು ಕುಡಿದದ್ದನ್ನು ಕಕ್ಕಿ ಹಂಚುತ್ತದೆ. ಬಾವಲಿಯಿಂದ ವ್ಯಾಂಪೈರ್ ಕಥೆ ಹುಟ್ಟಲಿಲ್ಲ. ಯೂರೋಪಿನವರು ತಮ್ಮ ಕಥೆಯ ಹೆಸರನ್ನು ಈ ಬಾವಲಿಗೆ ಇಟ್ಟರು.

ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡವು ಹಣ್ಣು ತಿನ್ನುವ ಬಾವಲಿಗಳು. ಹೂವಿನ ಪರಾಗ ಹೊರುವುದು, ಬೀಜ ಹರಡುವುದು ಅವುಗಳ ಕೆಲಸ. ಮರ ಕಡಿಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಿಫಾ ವೈರಸ್ ಇಂಥ ಬಾವಲಿಗಳಲ್ಲಿ ಇರಬಹುದು, ಅದಕ್ಕೇ ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬಾರದು, ಬಿದ್ದ ಬಾವಲಿಯನ್ನು ಮಕ್ಕಳು ಮುಟ್ಟಬಾರದು. ಅಕಸ್ಮಾತ್ ಪರಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಇಷ್ಟು ಎಚ್ಚರ ಸಾಕು, ಸಂಜೆ ಆ ಕಡೆ ಧಾರಾಳವಾಗಿ ಓಡಾಡಲಿ.

ಉಳಿದದ್ದು ಮಗಳ ಮಾತು, "ಯಾರಿಗೇನು ನಷ್ಟ" ಅನ್ನುವುದು. ಕಥೆ ಅಂತ ಓದಲಿ, ನೋಡಲಿ, ನನ್ನ ತಕರಾರಿಲ್ಲ. ನಂಬಿಕೆಯಾದಾಗ ಏನಾಗುತ್ತದೆ ಅಂತ ಮಾತ್ರ ಅವಳಿಗೆ ಹೇಳಿ. 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಹತ್ತಿರ ಇಂಥದ್ದೇ ಒಂದು ಪ್ರಕರಣ ಬಂತು. ಸತ್ತ ಹೆಂಗಸಿನ ಶವವನ್ನು ತೆಗೆದು ಸುಟ್ಟಿದ್ದರು. ರಾಣಿ ತಮ್ಮ ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಅವರ ಅಭಿಪ್ರಾಯ ಕೇಳಿದರು. ಶವ ಕೊಳೆಯದಿರಲು ಸಹಜ ಕಾರಣಗಳಿವೆ, ಇದರಲ್ಲಿ ಪವಾಡವೂ ಇಲ್ಲ ಪಿಶಾಚಿಯೂ ಇಲ್ಲ ಅಂತ ಅವರು ವರದಿ ಕೊಟ್ಟರು. ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಗೋರಿ ತೆಗೆಯುವುದು, ಶವ ಸುಡುವುದು ಎಲ್ಲವನ್ನೂ ರಾಣಿ ನಿಷೇಧಿಸಿದರು. ನನ್ನ ಮೆಚ್ಚುಗೆ ಇರುವುದು ಆ ವೈದ್ಯರ ಮೇಲೆ. ಶವ ಕೊಳೆಯುವುದು ಬ್ಯಾಕ್ಟೀರಿಯಾದಿಂದ ಅಂತ ಅವರ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ, ಆದರೂ ಗೊತ್ತಿಲ್ಲದ ಜಾಗದಲ್ಲಿ ಪಿಶಾಚಿಯನ್ನು ತಂದು ಕೂರಿಸಲಿಲ್ಲ.

ಆದರೂ ಪೂರ್ತಿ ಹೋಗಲಿಲ್ಲ. 2004ರಲ್ಲಿ ರೊಮೇನಿಯಾದ ಒಂದು ಹಳ್ಳಿಯಲ್ಲಿ ಮನೆಯವರೇ ಸಂಬಂಧಿಕನ ಗೋರಿ ಅಗೆದು, ಹೃದಯ ಸುಟ್ಟು, ಬೂದಿ ನೀರಿಗೆ ಹಾಕಿ ಕುಡಿದರು, ಪೊಲೀಸ್ ಕೇಸಾಯಿತು. 2017ರಲ್ಲಿ ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದಲ್ಲಿ ರಕ್ತ ಹೀರುವವರು ಓಡಾಡುತ್ತಿದ್ದಾರೆ ಅಂತ ಗಾಳಿಸುದ್ದಿ ಎದ್ದಿತು. ಅಲ್ಲಿ ಗೂಟ ಬಿದ್ದದ್ದು ಶವಕ್ಕಲ್ಲ. ಜನ ಗುಂಪು ಕಟ್ಟಿಕೊಂಡು ಬದುಕಿದ್ದವರನ್ನೇ ಹೊಡೆದು ಕೊಂದರು. ಮುಲಾಂಜೆ, ಫಲೊಂಬೆ ಜಿಲ್ಲೆಗಳಿಂದ ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಅದು ದೂರದ ದೇಶ ಅಂತ ಮಗಳು ಅಂದರೆ, 2018ರ ಮೇ ತಿಂಗಳು ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಹಳೆಯ ಪೇಪರ್ ತೆಗೆದು ತೋರಿಸಿ. ಅಲ್ಲಿ ರಕ್ತ ಹೀರುವವರ ಬದಲು ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ಇತ್ತು, ಅಷ್ಟೇ ವ್ಯತ್ಯಾಸ. ಎರಡೂ ಕಡೆ ಏನೂ ತಪ್ಪು ಮಾಡದ ಒಬ್ಬೊಬ್ಬ ಯುವಕನ ಜೀವ ಹೋಯಿತು.